ಮಕ್ಕಳ ಹೊಣೆಗೆ ಮುಖ್ಯಸ್ಥರನ್ನು ಆರಿಸುವ ಬಗೆ



ಕೆರೆಯ ತೂಬು ಕಾಯುವವನನ್ನು ನೇಮಿಸುವಾಗ ಊರಿನ ಹತ್ತು ಮಂದಿ ಸೇರಿ ಆಲೋಚಿಸುತ್ತೇವೆ. ಮಕ್ಕಳನ್ನೂ ಸಂಸಾರಗಳನ್ನೂ ಕಾಯಬೇಕಾದ ಇಲಾಖೆಗೆ ಯಾರು ಮುಖ್ಯಸ್ಥರಾಗಿ ಬರುವರೆಂಬುದನ್ನು ಮಾತ್ರ ನಾವು ಕೇಳುವುದೇ ಇಲ್ಲ. ಈ ಅಲಕ್ಷ್ಯಕ್ಕೆ ತೆರಬೇಕಾದ ಬೆಲೆಯನ್ನು ಇಂಗ್ಲೆಂಡ್ ದೇಶವು ಕಷ್ಟಪಟ್ಟು ಕಲಿಯಿತು. ಆ ವೃತ್ತಾಂತವನ್ನು ಇಂದು ತಮ್ಮ ಮುಂದಿಡುತ್ತೇವೆ.

ಅಲ್ಲಿ ಸಂಕಟದಲ್ಲಿರುವ ಮಕ್ಕಳ ರಕ್ಷಣೆ ಸ್ಥಳೀಯ ಪರಿಷತ್ತುಗಳ ಕರ್ತವ್ಯ. 2000ನೆಯ ಇಸವಿಯ ಫೆಬ್ರವರಿಯಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ 8 ವರ್ಷದ ಬಾಲೆಯು ಲಂಡನ್ನಿನಲ್ಲಿ, ಸಾಕುವೆವೆಂದು ಕರೆತಂದವರ ಹಿಂಸೆಗೆ ಸಿಕ್ಕಿ ಮಡಿದಳು. ಆಫ್ರಿಕದ ಐವರಿ ಕೋಸ್ಟಿನಲ್ಲಿ ಹುಟ್ಟಿದ ಆಕೆಯ ಮಾತು ಫ್ರೆಂಚ್. ಪರಿಷತ್ತಿನ ಕಚೇರಿ, ಆಸ್ಪತ್ರೆ, ಪೋಲೀಸು ಎಲ್ಲಕ್ಕೂ ಆಕೆಯ ವಿಷಯ ತಿಳಿದಿತ್ತು. ಆಕೆಯನ್ನು ಉಳಿಸಬಹುದಾಗಿದ್ದ 12 ಸಂದರ್ಭಗಳು ಕೈತಪ್ಪಿದುವೆಂದು ಲಾರ್ಡ್ ಲೇಮಿಂಗ್ ಅವರ ವಿಚಾರಣಾ ವರದಿಯು 2003ರಲ್ಲಿ ಎಣಿಸಿ ಹೇಳಿತು. ಆ ಮಗುವಿನೊಡನೆಯೇ ಕುಳಿತು ಮಾತನಾಡಿದುದು ಅತ್ಯಲ್ಪ. ಕೆಳಗಿನ ನೌಕರರ ಮೇಲೆ ಮಾತ್ರವೇ ತಪ್ಪನ್ನು ಹೊರಿಸದೆ, ಮೇಲಿನ ಅಧಿಕಾರಿಗಳೂ ಉತ್ತರ ಕೊಡಬೇಕೆಂದು ವರದಿಯು ವಿಧಿಸಿತು.

ಅದರ ಫಲವೇ 2004ರ ಮಕ್ಕಳ ಕಾಯಿದೆ. ಈ ಕರ್ತವ್ಯವುಳ್ಳ ಪ್ರತಿಯೊಂದು ಪರಿಷತ್ತೂ ಮಕ್ಕಳ ಸೇವೆಗಳಿಗೆ ಒಬ್ಬ ನಿರ್ದೇಶಕರನ್ನು ನೇಮಿಸಬೇಕು; ಚುನಾಯಿತ ಸದಸ್ಯರಲ್ಲಿಯೂ ಒಬ್ಬರಿಗೆ ಆ ಹೊಣೆಯನ್ನು ವಹಿಸಬೇಕು. ಶಾಲೆಯೂ ರಕ್ಷಣೆಯೂ ಒಂದೇ ಕೈಗೆ ಸೇರಿದುವು. ನೇಮಕಕ್ಕೆ ಯೋಗ್ಯತೆಯೇ ಪ್ರಮಾಣವೆಂದು 1989ರ ಕಾಯಿದೆಯೇ ನಿಯಮಿಸಿತ್ತು. ಅನೇಕ ಕಡೆ ಪರಿಷತ್ತಿನ ಆಶ್ರಯದಲ್ಲಿ ಬೆಳೆಯುವ ಮಕ್ಕಳೂ ಅಭ್ಯರ್ಥಿಗಳನ್ನು ಪ್ರಶ್ನಿಸುವರು. ಊಟದ ರುಚಿಯನ್ನು ಉಂಡವರೇ ಹೇಳಬೇಕಷ್ಟೆ!

ಆದರೂ ತೊಡಕು ತೀರಲಿಲ್ಲ. 2007ರಲ್ಲಿ ಲಂಡನ್ನಿನ ಹ್ಯಾರಿಂಗೆಯಲ್ಲಿ ಇನ್ನೊಂದು ಕೂಸು ಸತ್ತಿತು. 2008ರಲ್ಲಿ ಅಲ್ಲಿನ ನಿರ್ದೇಶಕಿಯನ್ನು ತೆಗೆದುಹಾಕಿದರು. ಅವರ ಅಹವಾಲನ್ನು ಸರಿಯಾಗಿ ಕೇಳದೆ ತೆಗೆದುದು ನ್ಯಾಯವಲ್ಲವೆಂದು 2011ರಲ್ಲಿ ಮೇಲ್ಮನವಿ ನ್ಯಾಯಾಲಯವು ತೀರ್ಪಿತ್ತಿತು. ಹೊಣೆ ಹೊತ್ತವರನ್ನು ಪ್ರಶ್ನಿಸಲೇಬೇಕು. ಆದರೆ ವಿಚಾರಿಸದೆ ದಂಡಿಸಿದರೆ ಯೋಗ್ಯರು ಆ ಪೀಠವೇರಲು ಅಂಜುವರು.

ಇನ್ನು ನಮ್ಮ ಮಾತು. ಅಂಗನವಾಡಿಗಳ ಯೋಜನೆಯು 1975ರಲ್ಲಿ ಮೊದಲಾಯಿತು. 1992ರ ಸಂವಿಧಾನ ತಿದ್ದುಪಡಿಯು ಪಂಚಾಯತಿಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಸ್ತ್ರೀಯರ ಮತ್ತು ಮಕ್ಕಳ ಅಭಿವೃದ್ಧಿಯನ್ನೂ ಸೇರಿಸಿತು. ಅಧಿಕಾರಿಗಳನ್ನು ಆರಿಸುವುದು ರಾಜ್ಯ ಸರಕಾರವೇ ಆದರೂ ಗ್ರಾಮಸಭೆಯಲ್ಲಿ ಕೇಳುವ ಬಾಯಿ ನಮಗುಂಟು. ಕಾಸರಗೋಡಿರಲಿ, ತಾಳವಾಡಿಯಿರಲಿ, ಜತ್ತವಿರಲಿ, ಈ ಮೂರನ್ನು ಕೇಳೋಣ. ಮೇಲ್ವಿಚಾರಣೆಗೆ ಬರುವವರು ಮಗುವಿನ ಕನ್ನಡವನ್ನು ಬಲ್ಲವರೆ, ಇಲ್ಲವೆ ಬಲ್ಲವರನ್ನು ಜೊತೆಗೆ ಕರೆತರುವರೆ? ಮನೆಬಾಗಿಲಿಗೆ ಹೋಗಿ ಮಗುವನ್ನೇ ಮಾತನಾಡಿಸುವರೆ? ಶಾಲೆ, ಆಸ್ಪತ್ರೆ, ಪಂಚಾಯತಿಗಳು ತಮಗೆ ತಿಳಿದುದನ್ನು ಒಂದೆಡೆ ಸೇರಿಸುವುವೆ?

ತನ್ನ ನೋವನ್ನು ತನ್ನ ನುಡಿಯಲ್ಲಿ ಹೇಳಲಾರದ ಮಗು ಮೂಕವೇ ಸರಿ. ಆ ನುಡಿಗೆ ಕಿವಿಗೊಡುವವರನ್ನು ಕಳುಹಿಸಿರೆಂದು ಮುಂದಿನ ಗ್ರಾಮಸಭೆಯಲ್ಲಿ ಒಂದು ನಿರ್ಣಯವನ್ನು ಬರೆಸಿ, ರುಜು ಹಾಕಿ ಕಳುಹಿಸೋಣ.