ಸಣ್ಣ ಕಾರಿಗೆ ಸ್ಟೀಲ್ ಸೈಲೆನ್ಸರ್: ಸದ್ದಿಗಲ್ಲ, ಬಾಳಿಕೆಗೆ

  ಹೋದ ಎಪಿಸೋಡ್ ಆದ್ಮೇಲೆ ಒಂದೇ ಪ್ರಶ್ನೆ ತುಂಬಾ ಜನ ಕೇಳಿದ್ರು. "ಬ್ರೋ, ನನ್ನ ಸಣ್ಣ ಕಾರಿಗೆ ಸ್ಟೇನ್‌ಲೆಸ್ ಸ್ಟೀಲ್ ಎಕ್ಸಾಸ್ಟ್ ಹಾಕಿಸ್ಬೇಕು, ಯಾವುದು ತಗೊಳ್ಳಲಿ?" ನಾನು ಓದಿರೋದು ಬಿಕಾಂ, ಮೆಕ್ಯಾನಿಕಲ್ ಅಲ್ಲ. ಆದ್ರೆ ಈ ವಿಷಯದಲ್ಲಿ ಒಂದು ಸಲ ಕೈ ಸುಟ್ಟುಕೊಂಡಿದ್ದೀನಿ. ಹಾಗಾಗಿ ಇವತ್ತು ಅದನ್ನೇ ಮಾತಾಡೋಣ.

ಮೊದಲು ಒಂದು ಘಟನೆ ಹೇಳ್ತೀನಿ. ನಮ್ಮೂರು ಕುಂದಾಪುರ. ಅಲ್ಲಿ ಅಪ್ಪ 2013ರಲ್ಲಿ ತಗೊಂಡ 1.2 ಲೀಟರ್ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇದೆ. ಹೋದ ಮಳೆಗಾಲದಲ್ಲಿ ಅಮ್ಮನ್ನ ಕರ್ಕೊಂಡು ಮಂಗಳೂರಿಗೆ ಹೊರಟೆ. ಜೋರು ಮಳೆ, ಗ್ಲಾಸ್ ಪೂರ್ತಿ ಮುಚ್ಚಿತ್ತು. ಕಾರಿನ ಸದ್ದು ಸ್ವಲ್ಪ ಜಾಸ್ತಿ ಆಗಿದೆ ಅನ್ನಿಸ್ತಿತ್ತು, ನಾನು ಹಾಡಿನ ವಾಲ್ಯೂಮ್ ಏರಿಸಿದೆ ಅಷ್ಟೇ. ಉಡುಪಿ ದಾಟೋ ಹೊತ್ತಿಗೆ ಹಿಂದೆ ಕೂತಿದ್ದ ಅಮ್ಮ, "ತಲೆ ತುಂಬಾ ನೋಯ್ತಾ ಉಂಟು, ಗ್ಲಾಸ್ ಇಳಿಸು" ಅಂದ್ರು. ಮರುದಿನ ಊರಿನ ಮೆಕ್ಯಾನಿಕ್ ಕಾರು ಎತ್ತಿ ನೋಡಿ, "ಎಂತ ಮಾರಾಯ, ಇದು ಸೈಲೆನ್ಸರಾ, ಜರಡಿಯಾ?" ಅಂತ ಕೇಳಿದ. ಹಿಂದಿನ ಸೀಟಿನ ಕೆಳಗೇ ಪೈಪ್ ತುಕ್ಕು ಹಿಡಿದು ತೂತಾಗಿತ್ತು.

ತಲೆನೋವು ಅದರಿಂದಲೇ ಬಂತು ಅಂತ ನಾನು ಪ್ರಮಾಣ ಮಾಡಿ ಹೇಳಲ್ಲ. ಆದ್ರೆ ಅವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ. ಯಾಕಂದ್ರೆ ಎಂಜಿನ್ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರತ್ತೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳತ್ತೆ. ಅದರ ಮೊದಲ ಲಕ್ಷಣಗಳಲ್ಲಿ ಒಂದು ತಲೆನೋವು. ಅದಕ್ಕೇ ಸೈಲೆನ್ಸರ್ ಅಂದ್ರೆ ಬರೀ ಸದ್ದಿನ ವಿಷಯ ಅಲ್ಲ. ಒಳಗೆ ಕೂತವರ ಉಸಿರಿನಿಂದ ಹೊಗೆಯನ್ನ ದೂರ ಒಯ್ಯೋ ಪೈಪ್ ಅದು.

ಸರಿ, ತುಕ್ಕು ಯಾಕೆ ಹಿಡಿಯತ್ತೆ? ಕರಾವಳಿಯಲ್ಲಿ ಉಪ್ಪು ಗಾಳಿ ಇದೆ, ಅದು ಗೊತ್ತಿರೋದೇ. ಆದ್ರೆ ಪೈಪ್ ಒಳಗಿಂದಲೂ ಕೊಳೆಯತ್ತೆ. ಒಂದು ಲೀಟರ್ ಪೆಟ್ರೋಲ್ ಉರಿದ್ರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟತ್ತೆ! ದೂರ ಓಡಿಸಿದ್ರೆ ಪೈಪ್ ಬಿಸಿಯಾಗಿ ನೀರು ಆವಿಯಾಗೇ ಹೊರಗೆ ಹೋಗತ್ತೆ. ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಅಷ್ಟೇ ಓಡಿಸಿದ್ರೆ ಆ ನೀರು ಸೈಲೆನ್ಸರ್ ಡಬ್ಬದಲ್ಲೇ ಉಳಿಯತ್ತೆ. ಅಪ್ಪನ ಕಾರು ಓಡ್ತಿದ್ದದ್ದು ಹಾಗೇ. ಮನೆ, ಬ್ಯಾಂಕು, ದೇವಸ್ಥಾನ, ವಾಪಸ್ ಮನೆ.

ಇಲ್ಲಿ ಸ್ಟೇನ್‌ಲೆಸ್ ಸ್ಟೀಲ್ ನಿಜವಾಗ್ಲೂ ಕೆಲಸಕ್ಕೆ ಬರತ್ತೆ. ಅದರಲ್ಲಿರೋ ಕ್ರೋಮಿಯಂ ಮೇಲ್ಮೈಯಲ್ಲಿ ತೆಳುವಾದ ಪದರ ಕಟ್ಟಿ ತುಕ್ಕನ್ನ ತಡೆಯತ್ತೆ. ಆದ್ರೆ ಅಂಗಡಿಯಲ್ಲಿ "ಪ್ಯೂರ್ ಎಸ್‌ಎಸ್ ಸಾರ್" ಅಂದ್ರೆ ಏನೂ ಹೇಳಿದ ಹಾಗಾಗಲ್ಲ. ನೀವು ಗ್ರೇಡ್ ಕೇಳ್ಬೇಕು.

ಮೂರು ನಂಬರ್ ನೆನಪಿಟ್ಟುಕೊಳ್ಳಿ. 304ರಲ್ಲಿ ಸುಮಾರು 18% ಕ್ರೋಮಿಯಂ, 8% ನಿಕ್ಕಲ್ ಇರತ್ತೆ. ಬಾಳಿಕೆ ಚೆನ್ನಾಗಿದೆ, ಬೆಲೆನೂ ಜಾಸ್ತಿ. 409ರಲ್ಲಿ ಕ್ರೋಮಿಯಂ ಸುಮಾರು 11% ಮಾತ್ರ. ಮೇಲೆ ಕಂದು ಬಣ್ಣ ಬರತ್ತೆ, ಆದ್ರೆ ಬೇಗ ತೂತಾಗಲ್ಲ. ಕಾರು ಕಂಪನಿಗಳೇ ಇದನ್ನ ಎಕ್ಸಾಸ್ಟ್‌ಗೆ ಬಳಸ್ತವೆ. ಇನ್ನು 202. ಇದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹಾಕಿರ್ತಾರೆ. ಮನೆ ಮೆಟ್ಟಿಲಿನ ರೇಲಿಂಗ್‌ಗೆ ಬರೋ ಅಗ್ಗದ ಸ್ಟೀಲ್ ಎಷ್ಟೋ ಸಲ ಇದೇ. ಹೊಸದರಲ್ಲಿ 304 ಥರಾನೇ ಹೊಳೆಯತ್ತೆ. ಉಪ್ಪು ಗಾಳಿಗೆ, ಬಿಸಿಗೆ ಅಷ್ಟು ತಡೆಯಲ್ಲ.

"ಅಯಸ್ಕಾಂತ ಹಿಡಿದು ನೋಡಿದ್ರೆ ಗೊತ್ತಾಗಲ್ವಾ?" ಅಂತೀರಿ. ಅರ್ಧ ಮಾತ್ರ ಗೊತ್ತಾಗತ್ತೆ. ಅಂಟಿದ್ರೆ ಅದು ಮಾಮೂಲಿ ಕಬ್ಬಿಣವೂ ಆಗಿರಬಹುದು, 409 ಕೂಡ ಆಗಿರಬಹುದು. ಅಂಟದಿದ್ರೆ 304 ಇರಬಹುದು, 202 ಕೂಡ ಇರಬಹುದು. 304ಕ್ಕೂ 202ಕ್ಕೂ ವ್ಯತ್ಯಾಸ ತಿಳಿಯೋಕೆ ಸ್ಟೀಲ್ ವ್ಯಾಪಾರಿಗಳ ಹತ್ರ ಒಂದು ರಾಸಾಯನಿಕ ದ್ರವ ಸಿಗತ್ತೆ. ಒಂದು ಹನಿ ಬಿಟ್ಟು, ಪುಟ್ಟ ಬ್ಯಾಟರಿ ಮುಟ್ಟಿಸಿದ್ರೆ ಮ್ಯಾಂಗನೀಸ್ ಜಾಸ್ತಿ ಇರೋ ಸ್ಟೀಲ್ ಮೇಲೆ ಕೆಂಪು ಬರತ್ತೆ. ಅದನ್ನ ಮಾಡಿಸಿ. ಬಿಲ್‌ನಲ್ಲಿ ಗ್ರೇಡ್ ಬರೆಸಿಕೊಳ್ಳಿ. ಬರೆಯಲ್ಲ ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ನಾನು ಹಾಗೆ ಎದ್ದು ಬರ್ಲಿಲ್ಲ. ಅದೇ ನಾನು ಕೈ ಸುಟ್ಟುಕೊಂಡ ಕಥೆ. ಕೆಲವು ವರ್ಷದ ಹಿಂದೆ ಬೆಂಗಳೂರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಇತ್ತು. ಅದಕ್ಕೆ ಒಂದು ಅಂಗಡಿಯಲ್ಲಿ 'ಫ್ರೀ ಫ್ಲೋ' ಹಾಕಿಸಿದೆ. ಬಿಲ್ ಇಲ್ಲ, ಗ್ರೇಡ್ ಇಲ್ಲ. ಎರಡೂವರೆ ಇಂಚಿನ ದಪ್ಪ ಪೈಪ್, ಹಿಂದೆ ಫಳಫಳ ಹೊಳೆಯೋ ಟಿಪ್. ಮೊದಲ ವಾರ ರಾಜನ ಥರ ಓಡಾಡಿದೆ. ಆಮೇಲೆ ಗೊತ್ತಾಯ್ತು, ಸಿಗ್ನಲ್‌ನಲ್ಲಿ ಕಾರು ಮೊದಲಿಗಿಂತ ಮಂದ. ಹೈವೇಯಲ್ಲಿ ಒಂದೇ ಸಮನೆ ಗುಂಯ್ ಅನ್ನೋ ಸದ್ದು, ಪಕ್ಕದಲ್ಲಿ ಕೂತವರ ಜೊತೆ ಮಾತೇ ಆಗಲ್ಲ. ವರ್ಷ ತುಂಬೋದ್ರೊಳಗೆ ವೆಲ್ಡಿಂಗ್ ಜಾಗದಲ್ಲಿ ಬಿರುಕು.

ಯಾಕೆ ಹಾಗಾಯ್ತು ಅಂತ ಆಮೇಲೆ ಓದಿ ತಿಳ್ಕೊಂಡೆ. ಪೈಪ್ ಅತಿ ಅಗಲ ಆದ್ರೆ ಒಳಗೆ ಹೊಗೆ ಹರಿಯೋ ವೇಗ ಕಡಿಮೆ ಆಗತ್ತೆ. ಟರ್ಬೋ ಇಲ್ಲದ ಸಣ್ಣ ಎಂಜಿನ್‌ನಲ್ಲಿ ಅದರಿಂದ ಕಡಿಮೆ ಆರ್‌ಪಿಎಂನ ಎಳೆತ ಕುಗ್ಗತ್ತೆ. ಸಿಟಿಯಲ್ಲಿ ನಾವು ಓಡಿಸೋದೇ ಆ ಆರ್‌ಪಿಎಂನಲ್ಲಿ! ಪವರ್ ಅಂತೀರಾ, ಬರೀ ಪೈಪ್ ಬದಲಿಸಿದ್ರೆ ಇಂಥ ಎಂಜಿನ್‌ಗೆ ಒಂದೆರಡು ಬಿಎಚ್‌ಪಿ ಸಿಕ್ಕಿದ್ರೆ ದೊಡ್ಡದು. ಹಾಗಾಗಿ ಕಂಪನಿ ಪೈಪ್‌ನ ಅಳತೆಯನ್ನೇ ಇಟ್ಟುಕೊಳ್ಳಿ.

ಇನ್ನು ಬಿರುಕು. 304 ಸ್ಟೀಲ್ ಬಿಸಿಗೆ ಮಾಮೂಲಿ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗತ್ತೆ. ಎರಡು ಮೀಟರ್ ಪೈಪ್ 300 ಡಿಗ್ರಿಯಷ್ಟು ಬಿಸಿ ಏರಿದ್ರೆ ಸುಮಾರು ಒಂದು ಸೆಂಟಿಮೀಟರ್ ಉದ್ದ ಆಗತ್ತೆ. ಅದಕ್ಕೆ ಆಡೋಕೆ ಜಾಗ ಬೇಕು. ಎಂಜಿನ್ ಕಡೆ ಫ್ಲೆಕ್ಸಿಬಲ್ ಜಾಯಿಂಟ್, ಕೆಳಗೆ ರಬ್ಬರ್ ಹ್ಯಾಂಗರ್ ಎರಡೂ ಸರಿ ಇರಬೇಕು. ನನ್ನ ಕಾರಲ್ಲಿ ಫ್ಲೆಕ್ಸಿಬಲ್ ತೆಗೆದು ಗಟ್ಟಿಯಾಗಿ ಬೆಸುಗೆ ಹಾಕಿದ್ರು. ವೆಲ್ಡಿಂಗ್ ಕೂಡ ಆರ್ಗನ್ ವೆಲ್ಡಿಂಗೇ ಆಗ್ಬೇಕು, ಅದನ್ನ ಮೊದಲೇ ಕೇಳಿ.

ಇನ್ನೊಂದು ಮಾತು, ದಯವಿಟ್ಟು ಕ್ಯಾಟಲಿಟಿಕ್ ಕನ್ವರ್ಟರ್ ಮುಟ್ಟಬೇಡಿ. "ತೆಗೆದ್ರೆ ಪಿಕಪ್ ಬರತ್ತೆ" ಅನ್ನೋರು ಸಿಗ್ತಾರೆ. ಅದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಇರತ್ತೆ, ಬೆಲೆಬಾಳೋ ಲೋಹಗಳು. ತೆಗೆದವನಿಗೆ ಅದರಿಂದ ಲಾಭ. ನಿಮಗೆ ಉಳಿಯೋದು ಚೆಕ್ ಎಂಜಿನ್ ಲೈಟ್, ಎಮಿಷನ್ ಟೆಸ್ಟ್ ತಲೆನೋವು. ಬದಲಿಸೋದಿದ್ರೆ ಕ್ಯಾಟ್ ಆದ್ಮೇಲಿನ ಭಾಗ ಮಾತ್ರ.

ಕಾನೂನೂ ಗೊತ್ತಿರಲಿ. ನಮ್ಮಲ್ಲಿ ಹೊಸ ಕಾರುಗಳಿಗೆ ಸದ್ದಿನ ಮಿತಿ 74 ಡೆಸಿಬಲ್. ಸದ್ದು, ಹೊಗೆಯ ನಿಯಮ ಮೀರಿ ಓಡಿಸಿದ್ರೆ ಮೋಟಾರು ವಾಹನ ಕಾಯ್ದೆಯ 190(2) ಸೆಕ್ಷನ್ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹ ಅಂತಲೂ ಇದೆ. ಪೊಲೀಸರು ಸೈಲೆನ್ಸರ್‌ಗಳನ್ನ ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸೋ ವಿಡಿಯೋ ನೀವೂ ನೋಡಿರ್ತೀರಿ. ಕಾನೂನು ಬಿಡಿ, ರಾತ್ರಿ 11 ಗಂಟೆಗೆ ನಿಮ್ಮ ಬೀದಿಯಲ್ಲಿ ಒಂದು ಮಗು ಆಗಷ್ಟೇ ಮಲಗಿರತ್ತೆ. ಅದರ ಅಮ್ಮನಿಗೆ ನಿಮ್ಮ ಎಕ್ಸಾಸ್ಟ್ ನೋಟ್ ಬೇಕಾಗಿಲ್ಲ.

ಈಗ ನನ್ನ ಸಬ್ಜೆಕ್ಟ್, ಲೆಕ್ಕ. ಅಪ್ಪನ ಕಾರಿಗೆ ಎರಡು ಕೊಟೇಶನ್ ತಗೊಂಡೆ. ಕಂಪನಿ ಸೈಲೆನ್ಸರ್ ಸೆಟ್ 7,000. ಅದೇ ಅಳತೆ, ಅದೇ ಥರ ಚೇಂಬರ್ ಇರೋ 304ರದ್ದು 15,000. ಹಳೇದು ಬಾಳಿದ ಲೆಕ್ಕ ನೋಡಿದ್ರೆ ನಮ್ಮೂರಲ್ಲಿ ಕಂಪನಿದು ನಾಲ್ಕು ವರ್ಷ ಬರತ್ತೆ ಅಂತಿಟ್ಟುಕೊಳ್ಳಿ. ವರ್ಷಕ್ಕೆ 1,750 ಆಯ್ತು. ಸ್ಟೀಲ್‌ದು ಹತ್ತು ವರ್ಷ ಬಂದ್ರೆ ವರ್ಷಕ್ಕೆ 1,500. ಕಾರನ್ನ ಹತ್ತು ವರ್ಷ ಇಟ್ಟುಕೊಂಡ್ರೆ ಮಾತ್ರ ಸ್ಟೀಲ್ ಅಗ್ಗ. ಎರಡು ವರ್ಷದಲ್ಲಿ ಮಾರೋರಿಗೆ, ಒಣ ಹವೆಯ ಊರಲ್ಲಿ ಇರೋರಿಗೆ ಕಂಪನಿದೇ ಸಾಕು. ಇದನ್ನ ಯಾವ ಅಂಗಡಿಯವರೂ ನಿಮಗೆ ಹೇಳಲ್ಲ.

ಕಾರಿಗೆ ಆಗಲೇ ಹತ್ತು ವರ್ಷ ದಾಟಿತ್ತು. ಅಪ್ಪನ್ನ ಕೇಳಿದೆ, "ಇನ್ನೆಷ್ಟು ವರ್ಷ ಇಟ್ಕೊಳ್ತೀರಿ?" ಅಂತ. "ಒಂದೆರಡು ವರ್ಷ. ಆಮೇಲೆ ನಾನು ಓಡಿಸೂದಿಲ್ಲ ಮಾರಾಯ" ಅಂದ್ರು. ಕೇಳಿ ಸ್ವಲ್ಪ ಬೇಜಾರಾಯ್ತು. ಕಂಪನಿ ಸೈಲೆನ್ಸರನ್ನೇ ಹಾಕಿಸಿದೆ. ಸ್ಟೀಲ್ ಬಗ್ಗೆ ಇಷ್ಟೆಲ್ಲ ಹೇಳಿ ಕೊನೆಗೆ ಹಾಕಿಸಿದ್ದು ಇದು ಅಂತ ನಗಬೇಡಿ, ಲೆಕ್ಕ ಹೇಳಿದ್ದು ಅದನ್ನೇ.

ಹೊಸದು ತಗೊಳ್ಳೋದು ಆಮೇಲೆ ನೋಡೋಣ. ಈ ವಾರ ಒಂದು ಕೆಲಸ ಮಾಡಿ. ನಿಮ್ಮ ಕಾರನ್ನ ಸರ್ವಿಸ್ ರ‍್ಯಾಂಪ್ ಮೇಲೆ ಏರಿಸಿ, ಪೈಪ್ ಪೂರ್ತಿ ನೋಡಿ. ವಿಶೇಷವಾಗಿ ಸೀಟಿನ ಕೆಳಗೆ. ಸದ್ದು ಜಾಸ್ತಿ ಆಗಿದೆ ಅನ್ನಿಸಿದ್ರೆ ನನ್ನ ಥರ ಹಾಡಿನ ವಾಲ್ಯೂಮ್ ಏರಿಸಬೇಡಿ. ಏನು ಸಿಕ್ತು ಅಂತ ವಾಯ್ಸ್ ನೋಟ್ ಕಳಿಸಿ, ಮುಂದಿನ ವಾರ ಕೇಳಿಸ್ತೀನಿ. ಅಲ್ಲಿವರೆಗೂ ಹುಷಾರಾಗಿ ಓಡಿಸಿ.