ತಲೆಯಲ್ಲಿರುವುದು ಹಾಳೆಗೆ ಬರಲಿ

(ಸಂಘದ ಬೆಳ್ಳಿಹಬ್ಬದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ಸಂಘ ನಡೆದು ಬಂದ ದಾರಿಯನ್ನು ಅಧ್ಯಕ್ಷರು ವಿವರವಾಗಿ ತಿಳಿಸಿದ್ದಾರೆ. ನಮಗೆ ಕೊಟ್ಟಿರುವ ವಿಷಯ ಬೇರೆ. ಮೈಂಡ್ ಮ್ಯಾಪ್ ಎಂಬ ಕಂಪ್ಯೂಟರ್ ತಂತ್ರಾಂಶದಿಂದ ರೈತರ ಮನೆಗೆ ಏನು ಉಪಯೋಗ ಎಂಬುದು. ಹೆಸರು ಕೇಳಿದ ಕೂಡಲೇ ಇದು ಓದಿದವರ ವಿಷಯ, ನಮಗ್ಯಾಕೆ ಅಂತ ಹಿಂದಿನ ಸಾಲಿನವರು ಎದ್ದು ಹೋಗಬೇಡಿ. ನಾವೂ ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿದವರೇ. ನಮಗೆ ಅರ್ಥವಾದದ್ದು ನಿಮಗೂ ಆಗುತ್ತೆ.

ಪೌತಿ ಖಾತೆ ಮಾಡಿಸುವಾಗ ವಂಶವೃಕ್ಷ ಕೊಡುತ್ತೇವಲ್ಲ, ಅದನ್ನು ನೆನಪು ಮಾಡಿಕೊಳ್ಳಿ. ಮೇಲೆ ತಾತನ ಹೆಸರು. ಅಲ್ಲಿಂದ ಗೆರೆ ಎಳೆದು ಮಕ್ಕಳು, ಮಕ್ಕಳಿಂದ ಗೆರೆ ಎಳೆದು ಮೊಮ್ಮಕ್ಕಳು. ನಾಲ್ಕು ಪುಟ ಬರೆದರೂ ಗೊಂದಲವಾಗುವ ಸಂಬಂಧ ಒಂದೇ ನೋಟಕ್ಕೆ ತಿಳಿಯುತ್ತದೆ. ಮೈಂಡ್ ಮ್ಯಾಪ್ ಅಂದರೆ ಹೆಚ್ಚು ಕಡಿಮೆ ಇದೇ. ಇಲ್ಲಿ ಜನರ ಹೆಸರಿನ ಜಾಗದಲ್ಲಿ ನಮ್ಮ ಕೆಲಸ, ಯೋಚನೆ, ಲೆಕ್ಕ ಬರುತ್ತವೆ. ಮುಖ್ಯ ವಿಷಯ ಹಾಳೆಯ ನಡುವೆ ಕೂರುತ್ತದೆ. ಒಂದು ರಾಗಿ ಪೈರು ತೆಂಡೆ ಒಡೆದ ಹಾಗೆ ಅದರ ಸುತ್ತ ಕವಲುಗಳು ಹೊರಡುತ್ತವೆ. ನಾವು ಇದನ್ನು ‘ವಿಚಾರದ ನಕ್ಷೆ’ ಎಂದು ಕರೆಯೋಣ.

ಇಂಗ್ಲೆಂಡಿನ ಟೋನಿ ಬುಜಾನ್ ಎಂಬುವರು 1974ರಲ್ಲಿ ಬಿ.ಬಿ.ಸಿ. ಟೆಲಿವಿಷನ್ ಕಾರ್ಯಕ್ರಮದ ಮೂಲಕ ಈ ಪದ್ಧತಿಯನ್ನು ಜನಪ್ರಿಯಗೊಳಿಸಿದರು. ಅದೇ 1974ರಲ್ಲಿ ನಮ್ಮಲ್ಲಿ ಕರ್ನಾಟಕ ಹೈನು ಅಭಿವೃದ್ಧಿ ನಿಗಮ ಶುರುವಾಯಿತು. ಅದೇ ಮುಂದೆ 1984ರಲ್ಲಿ ಕೆ.ಎಂ.ಎಫ್. ಆಯಿತು. ಅಲ್ಲಿ ಹುಟ್ಟಿದ ವಿದ್ಯೆ ಇಲ್ಲಿಯ ಹಾಲಿನ ಮನೆಗೆ ಬರಲು ಐವತ್ತು ವರ್ಷ ಹಿಡಿಯಿತು ಅನ್ನಿ.

ಈಗ ಇದು ಯಾಕೆ ಬೇಕು? ನಮ್ಮ ತಾತಂದಿರ ಕಾಲಕ್ಕೆ ಮನೆ ಯಜಮಾನ ನೆನಪಿಡಬೇಕಾದ್ದು ಮೂರು: ಹೊಲ, ದನ, ಮನೆ. ಕೆಂಗೇರಿ ಸಂತೆಗೆ ಹೋಗಿ ಬಂದರೆ ವಾರದ ವ್ಯವಹಾರ ಮುಗೀತು. ಈಗ ಹಾಗಿಲ್ಲ. 2007ರಲ್ಲಿ ಕೆಂಗೇರಿ ಪುರಸಭೆಯೂ ಸುತ್ತಲಿನ ಹಲವು ಹಳ್ಳಿಗಳೂ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. ನಾಡಪ್ರಭು ಕೆಂಪೇಗೌಡ ಬಡಾವಣೆಗೆ ಈ ಭಾಗದ ಎಷ್ಟೋ ಊರುಗಳ ಜಮೀನು ಹೋಯಿತು. 2021ರ ಆಗಸ್ಟ್‌ನಲ್ಲಿ ಮೆಟ್ರೋ ಕೆಂಗೇರಿಗೆ ಬಂತು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ಮಕ್ಕಳು ಅದೇ ಮೆಟ್ರೋ ಹತ್ತಿ ವಿಜಯನಗರದ ಕಡೆ ಕೆಲಸಕ್ಕೆ ಹೋಗುತ್ತಾರೆ. ಒಂದು ಕಾಲು ಕೊಟ್ಟಿಗೆಯಲ್ಲಿ, ಒಂದು ಕಾಲು ನಗರದಲ್ಲಿ. ಪಹಣಿ, ಖಾತೆ, ಫ್ರೂಟ್ಸ್ ಐಡಿ, ಪಾಸ್‌ಬುಕ್, ಪರಿಹಾರದ ಕಾಗದ, ಮಕ್ಕಳ ಫೀಸು, ಹಸುವಿನ ವಿಮೆ, ಚೀಟಿ, ಕೈಸಾಲ, ಇವೆಲ್ಲ ಒಂದೇ ಮನೆಯಲ್ಲಿ. ಆದರೆ ಇದಿಷ್ಟೂ ಇರೋದು ಎಲ್ಲಿ? ಒಬ್ಬರ ತಲೆಯಲ್ಲಿ.

ಇದರ ಅಪಾಯ ಎಷ್ಟು ಅನ್ನೋದಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಸಂಘದ ಸದಸ್ಯರೊಬ್ಬರಿಗೆ ಲಕ್ವ ಹೊಡೆದು ಮಾತು ನಿಂತಿತು. ಹೆಸರು ಬೇಡ. ಮನೆಯಾಕೆ ನಾಲ್ಕು ಹಸು ಕಟ್ಟಿದ್ದ ತಾಯಿ. ಯಾವ ಹಸು ಯಾವ ಕೆಚ್ಚಲಲ್ಲಿ ಹಾಲು ಬಿಗಿ ಹಿಡಿಯುತ್ತೆ ಅಂತ ಕಣ್ಣು ಮುಚ್ಚಿ ಹೇಳೋರು. ಆದರೆ ಯಾವ ಹಸುವಿಗೆ ವಿಮೆ ಇದೆ, ಯಾರಿಗೆ ಎಷ್ಟು ಕೊಡಬೇಕು, ಯಾರಿಂದ ಎಷ್ಟು ಬರಬೇಕು, ಕಾಗದ ಯಾವ ಟ್ರಂಕಿನಲ್ಲಿದೆ, ಒಂದೂ ಅವರಿಗೆ ಗೊತ್ತಿರಲಿಲ್ಲ. ಆ ಮಧ್ಯೆ ಒಂದು ಹಸು ಸತ್ತಿತು. ಹೂತು ಹಾಕಿದರು. ಅದಕ್ಕೆ ವಿಮೆ ಇತ್ತು ಅಂತ ತಿಳಿದದ್ದು ಎರಡು ತಿಂಗಳ ಮೇಲೆ, ಹಳೇ ಕ್ಯಾಲೆಂಡರಿನ ಹಿಂದೆ ರಸೀದಿ ಸಿಕ್ಕಾಗ. ಅಷ್ಟರಲ್ಲಿ ಮರಣೋತ್ತರ ಪರೀಕ್ಷೆಯೂ ಇಲ್ಲ, ಕಿವಿಯೋಲೆಯೂ ಇಲ್ಲ, ಪರಿಹಾರವೂ ಇಲ್ಲ. “ಹಾಲು ಕರೆದೋಳು ನಾನು, ಲೆಕ್ಕ ಎಲ್ಲಾ ಅವರ ತಲೇಲಿತ್ತು” ಅಂದರು ಆ ತಾಯಿ. ಯೋಚನೆ ಮಾಡಿ, ನಮ್ಮಲ್ಲಿ ಎಷ್ಟು ಮನೆಗಳ ಕಥೆ ಇದೇ ಅಲ್ಲವೇ?

ಇದನ್ನು ಆಡಳಿತ ಮಂಡಳಿಯಲ್ಲಿ ಚರ್ಚೆ ಮಾಡುವಾಗ, ನಗರದಲ್ಲಿ ಕೆಲಸಕ್ಕಿರುವ ನಮ್ಮೂರ ಹೆಣ್ಣುಮಗಳೊಬ್ಬಳು ಫ್ರೀಪ್ಲೇನ್ ಎಂಬ ತಂತ್ರಾಂಶವನ್ನು ಸಂಘದ ಕಂಪ್ಯೂಟರಿಗೆ ಹಾಕಿ ತೋರಿಸಿದಳು. ಇದು ಫ್ರೀಮೈಂಡ್ ಎಂಬ ಹಳೆಯ ತಂತ್ರಾಂಶದಿಂದ ಕವಲೊಡೆದು ಬಂದದ್ದು. ಎರಡಕ್ಕೂ ಕಾಸು ಕೊಡಬೇಕಾಗಿಲ್ಲ, ಯಾರು ಬೇಕಾದರೂ ಹಾಕಿಕೊಳ್ಳಬಹುದು.

ಬಳಸುವ ಕ್ರಮ ಹೀಗಿದೆ. ತೆರೆದ ಕೂಡಲೇ ನಡುವೆ ಒಂದು ಗುಂಡು ಕಾಣುತ್ತದೆ. ಅದರಲ್ಲಿ ‘ನಮ್ಮ ಮನೆ’ ಎಂದು ಬರೆಯಿರಿ. ಟ್ಯಾಬ್ ಎಂಬ ಕೀಲಿ ಒತ್ತಿದರೆ ಅದರಿಂದ ಒಂದು ಕವಲು ಹೊರಡುತ್ತದೆ, ಅಂದರೆ ಮಗ ಹುಟ್ಟಿದ ಹಾಗೆ. ಎಂಟರ್ ಒತ್ತಿದರೆ ಪಕ್ಕದಲ್ಲಿ ಇನ್ನೊಂದು ಕವಲು, ಅಂದರೆ ತಮ್ಮ ಹುಟ್ಟಿದ ಹಾಗೆ. ಹಸು, ಜಮೀನು, ಸಾಲ, ಮಕ್ಕಳ ಓದು, ಆರೋಗ್ಯ, ಕಾಗದಪತ್ರ ಎಂದು ಆರು ಕವಲು ಸಾಕು. ಒಂದು ಕವಲಿಗೆ ಒಂದೆರಡು ಮಾತು ಮಾತ್ರ, ಪುರಾಣ ಬರೆಯಬೇಡಿ. ಸ್ಪೇಸ್ ಕೀಲಿ ಒತ್ತಿದರೆ ಬೇಡವಾದ ಕವಲು ಮಡಚಿಕೊಳ್ಳುತ್ತದೆ, ಮತ್ತೆ ಒತ್ತಿದರೆ ಬಿಚ್ಚಿಕೊಳ್ಳುತ್ತದೆ. ಒಂದು ಕಡೆ ಇದ್ದದ್ದನ್ನು ಎಳೆದು ಇನ್ನೊಂದು ಕಡೆ ಇಡಬಹುದು. ಕಾಗದದಲ್ಲಾದರೆ ಹೊಡೆದು ಹಾಕಿ ಮತ್ತೆ ಬರೆಯಬೇಕು, ಇಲ್ಲಿ ಆ ಕಷ್ಟವಿಲ್ಲ. ತಂತ್ರಾಂಶದ ಲಾಭ ಅಂದರೆ ಇದೇ.

ಒಂದು ಹಸುವಿನ ಕವಲನ್ನೇ ನೋಡಿ. ‘ಗೌರಿ’ ಎಂದು ಬರೆದು ಅದರ ಮುಂದೆ ಕಿವಿಯೋಲೆಯ ಹನ್ನೆರಡು ಅಂಕಿಗಳ ಸಂಖ್ಯೆ. ಅಲ್ಲಿಂದ ನಾಲ್ಕು ಕವಲು. ಮೊದಲನೆಯದು ಗಬ್ಬ: ಕೃತಕ ಗರ್ಭಧಾರಣೆ ಮಾಡಿಸಿದ ದಿನ, 21 ದಿನಕ್ಕೆ ಮತ್ತೆ ಬೆದೆಗೆ ಬಂತೇ ಎಂದು ನೋಡುವ ದಿನ, ಗಬ್ಬದ ಪರೀಕ್ಷೆಯ ದಿನ, ಸುಮಾರು 280 ದಿನಕ್ಕೆ ಕರು ಹಾಕುವ ದಿನ, ಅದಕ್ಕೆ ಎರಡು ತಿಂಗಳ ಮುಂಚೆ ಹಾಲು ಬತ್ತಿಸುವ ದಿನ. ಎರಡನೆಯದು ಆರೋಗ್ಯ: ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆ ಎರಡು ಬಾರಿ, ಜಂತುಹುಳದ ಔಷಧಿ. ಮೂರನೆಯದು ಮೇವು. ನಾಲ್ಕನೆಯದು ವಿಮೆ: ಕೊನೆಯ ದಿನಾಂಕ, ಪಾಲಿಸಿ ಎಲ್ಲಿದೆ, ದನ ಸತ್ತರೆ ಯಾರಿಗೆ ತಿಳಿಸಬೇಕು. ಇಷ್ಟು ಕಣ್ಣ ಮುಂದೆ ಇದ್ದಿದ್ದರೆ ಆ ತಾಯಿಯ ಮನೆಗೆ ನಷ್ಟವಾಗುತ್ತಿತ್ತೇ?

ಒಂದು ತೊಡಕು ಬರುತ್ತೆ. ಹಸು ಕೊಳ್ಳಲು ಮಾಡಿದ ಸಾಲವನ್ನು ಹಸುವಿನ ಕವಲಲ್ಲಿ ಬರೆಯಬೇಕೋ, ಸಾಲದ ಕವಲಲ್ಲಿ ಬರೆಯಬೇಕೋ? ಒಂದು ಕಡೆ ಮಾತ್ರ ಬರೆಯಿರಿ. ಇನ್ನೊಂದು ಕಡೆಗೆ ಬಾಣದ ಗೆರೆ ಎಳೆಯಿರಿ, ತಂತ್ರಾಂಶದಲ್ಲಿ ಅದಕ್ಕೆ ಅನುಕೂಲವಿದೆ. ಎರಡು ಕಡೆ ಬರೆದರೆ ಒಂದು ಕಡೆ ತಿದ್ದಿ ಇನ್ನೊಂದು ಮರೆಯುತ್ತೇವೆ.

ಕನ್ನಡದಲ್ಲಿ ಬರೆಯಬಹುದೇ ಎಂದು ಕೇಳುವವರಿಗೆ: ಖಂಡಿತ ಬರೆಯಬಹುದು. ಆದರೆ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದರೆ ಅಕ್ಷರದ ಬದಲು ಚಿತ್ರವಿಚಿತ್ರ ಗುರುತು ಕಾಣುತ್ತವೆ. ಯೂನಿಕೋಡ್ ಇಟ್ಟುಕೊಂಡೇ ಬರೆಯಬೇಕು. ನುಡಿ ಬಲ್ಲ ಹುಡುಗರಿಗೆ ಇದು ಹೊಸದಲ್ಲ, ಕೀಲಿಗಳ ಜಾಗ ಅದೇ.

ಸಂಘಕ್ಕೂ ಇದು ಅನ್ವಯಿಸುತ್ತದೆ. ವರ್ಷದ ಲೆಕ್ಕ ಪರಿಶೋಧನೆ, ಸೆಪ್ಟೆಂಬರ್ 25ರ ಒಳಗೆ ನಡೆಸಬೇಕಾದ ವಾರ್ಷಿಕ ಮಹಾಸಭೆ, ಸದಸ್ಯರಿಗೆ ಬೋನಸ್ ಹಂಚಿಕೆ, ಪಶು ಆಹಾರದ ದಾಸ್ತಾನು, ಹಾಲು ಪರೀಕ್ಷೆಯ ಯಂತ್ರದ ರಿಪೇರಿ, ಇಷ್ಟನ್ನೂ ನಮ್ಮ ಕಾರ್ಯದರ್ಶಿಗಳು ತಲೆಯಲ್ಲಿಟ್ಟುಕೊಂಡು ನಡೆಸಿದ್ದಾರೆ. ಅವರ ನೆನಪಿನ ಶಕ್ತಿಗೆ ಕೈ ಮುಗಿಯಬೇಕು. ಆದರೆ ಅವರು ನಿವೃತ್ತಿಯಾದ ದಿನ ಸಂಘ ಕಣ್ಣು ಕಟ್ಟಿದ ಎತ್ತಿನ ಹಾಗೆ ನಿಲ್ಲಬಾರದು. ಆದ್ದರಿಂದ ಸಂಘದ ಕೆಲಸಗಳ ನಕ್ಷೆಯೊಂದನ್ನು ಅವರಿಂದಲೇ ಹೇಳಿಸಿ ತಯಾರು ಮಾಡಿ ಆಫೀಸಿನ ಗೋಡೆಗೆ ಅಂಟಿಸಿದ್ದೇವೆ. ಕಾಫಿ ಕುಡಿದ ಮೇಲೆ ಎಲ್ಲರೂ ನೋಡಬೇಕಾಗಿ ವಿನಂತಿ.

ಎಚ್ಚರಿಕೆಯ ಮಾತನ್ನೂ ಹೇಳಬೇಕು. ನಕ್ಷೆ ಎಂದರೆ ಲೆಕ್ಕದ ಪುಸ್ತಕವಲ್ಲ. ನಗದು ಪುಸ್ತಕ, ನಡಾವಳಿ ಪುಸ್ತಕ ಇದ್ದೇ ಇರಬೇಕು. ಎ.ಟಿ.ಎಂ. ಕಾರ್ಡಿನ ಗುಟ್ಟಿನ ಸಂಖ್ಯೆಯನ್ನು ನಕ್ಷೆಯಲ್ಲಿ ಬರೆಯಲೇಬಾರದು. ಕಂಪ್ಯೂಟರ್ ಕೆಟ್ಟರೆ ಎಲ್ಲವೂ ಹೋಗುತ್ತೆ, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ, ಕಾಗದದ ಮೇಲೆ ಒಂದು ಪ್ರತಿ ಇರಲಿ. ಬರೆದು ಬಿಟ್ಟು ತಿದ್ದದೆ ಹೋದರೆ ಅದು ಕಳೆದ ವರ್ಷದ ಪಂಚಾಂಗ. ತಿಂಗಳಿಗೊಂದು ಸಲ, ಅಮಾವಾಸ್ಯೆ ದಿನ ಹೊಲದ ಕೆಲಸ ಇರೋದಿಲ್ಲವಲ್ಲ, ಆವತ್ತು ಕೂತು ತಿದ್ದಿ.

ಕಂಪ್ಯೂಟರ್ ಇಲ್ಲದವರು ಹಿಂಜರಿಯಬೇಡಿ. ಮಕ್ಕಳ ಡ್ರಾಯಿಂಗ್ ಹಾಳೆ ಮತ್ತು ಒಂದು ಪೆನ್ಸಿಲು ಸಾಕು. ಆದರೆ ಒಂದು ಷರತ್ತು. ಯಜಮಾನರು ಒಬ್ಬರೇ ಕೂತು ಬರೆಯಬಾರದು. ಹೆಂಡತಿ, ಮಕ್ಕಳು, ಸೊಸೆ ಎಲ್ಲರನ್ನೂ ಕೂರಿಸಿಕೊಂಡು ಬರೆಯಬೇಕು. ಹಾಗೆ ಕೂತಾಗ ನಾಲ್ಕು ಕಷ್ಟದ ಮಾತು ಬರಬಹುದು. ಈ ಕೈಸಾಲ ಯಾವಾಗ ಮಾಡಿದ್ರಿ ಅಂತ ಕೇಳಬಹುದು. ಕೇಳಲಿ. ಇವತ್ತು ಜಗಲಿ ಮೇಲೆ ಕೇಳುವ ಪ್ರಶ್ನೆಗೆ ಇವತ್ತೇ ಉತ್ತರ ಕೊಡಬಹುದು. ಉತ್ತರ ಹೇಳುವವರೇ ಇಲ್ಲದಾಗ ಕೇಳಿದರೆ ಏನು ಗತಿ? ಹೊತ್ತಾರೆ ಎದ್ದು ಸಗಣಿ ಬಾಚಿ ಹಾಲು ಕರೆಯುವ ಹೆಣ್ಣುಮಕ್ಕಳಿಗೆ ಆ ಹಾಲಿನ ಲೆಕ್ಕ ತಿಳಿಯುವ ಹಕ್ಕಿದೆ. ಒಬ್ಬರ ಗಂಟು ಎಲ್ಲರ ಕಣ್ಣಿಗೆ ಕಾಣುವಂತೆ ನಡೆಸುವುದನ್ನೇ ಸಹಕಾರ ಎನ್ನುತ್ತೇವೆ. ಸಂಘದಲ್ಲಿ ಪಾಲಿಸುವ ಈ ನಿಯಮವನ್ನು ಮನೆಯಲ್ಲೂ ಪಾಲಿಸೋಣ.

ಬರುವ ತಿಂಗಳಿಂದ ಪ್ರತಿ ಭಾನುವಾರ ಬೆಳಿಗ್ಗೆ ಹಾಲು ಹಾಕಿದ ನಂತರ ಒಂದು ಗಂಟೆ ಸಂಘದ ಕಂಪ್ಯೂಟರ್ ಸದಸ್ಯರಿಗೆ ತೆರೆದಿರುತ್ತದೆ. ಗಂಡ ಹೆಂಡತಿ ಜೊತೆಯಾಗಿ ಬರಬೇಕು. ಕಾಗದಪತ್ರದ ಟ್ರಂಕು ಮನೆಯಲ್ಲೇ ಇರಲಿ, ಅದರಲ್ಲಿ ಏನಿದೆ ಎಂಬ ಪಟ್ಟಿ ತಂದರೆ ಸಾಕು.