ಸಂಕದಾಚೆಯ ಮಕ್ಕಳು

ಜುಲೈ ತಿಂಗಳು ಬಂತೆಂದರೆ ಕರಾವಳಿ, ಮಲೆನಾಡಿನ ಮನೆಗಳಲ್ಲಿ ಬೆಳಗಾಗುವುದೇ ಒಂದು ಪ್ರಶ್ನೆಯಿಂದ: ಇವತ್ತು ಶಾಲೆಗೆ ರಜೆ ಉಂಟೋ, ಇಲ್ಲವೋ? ಹವಾಮಾನ ಇಲಾಖೆಯವರು ರೆಡ್ ಅಲರ್ಟ್ ಅಂದರೆ ಇಪ್ಪತ್ನಾಲ್ಕು ಗಂಟೆಯಲ್ಲಿ 204 ಮಿಲಿಮೀಟರ್‌ಗೂ ಮೀರಿದ ಮಳೆ ಸುರಿಯಬಹುದು ಎಂದು ಅರ್ಥ. ಅಂಥ ದಿನ ಜಿಲ್ಲಾಧಿಕಾರಿಗಳು ರಜೆ ಘೋಷಿಸುತ್ತಾರೆ. ಆದೇಶ ಕೆಲವೊಮ್ಮೆ ಹಿಂದಿನ ರಾತ್ರಿಯೇ ಬರುತ್ತದೆ, ಕೆಲವೊಮ್ಮೆ ಬೆಳಿಗ್ಗೆ ಏಳು ಗಂಟೆ ದಾಟಿದ ಮೇಲೆ. ಆ ಹೊತ್ತಿಗೆ ದೂರದ ಮನೆಯ ಮಗು ಚೀಲ ಹೆಗಲಿಗೇರಿಸಿ, ಕೊಡೆ ಬಿಡಿಸಿ, ಮೊದಲ ತೋಡು, ಅಂದರೆ ಹಳ್ಳ, ದಾಟಿಯಾಗಿರುತ್ತದೆ. ಇದರ ನಡುವೆ ಹಳೆಯ ಆದೇಶದ ದಿನಾಂಕ ತಿದ್ದಿ ವಾಟ್ಸಾಪ್‌ನಲ್ಲಿ ಹರಿಯಬಿಡುವವರೂ ಇದ್ದಾರೆ. ಮಕ್ಕಳ ಪ್ರಾಣಕ್ಕೆ ಸಂಬಂಧಿಸಿದ ಸುದ್ದಿಯಲ್ಲಿ ಆಟವಾಡುವುದು ಕ್ಷಮಿಸುವ ಮಾತಲ್ಲ.

ರಜೆ ಬೇಕು, ಒಪ್ಪೋಣ. ಆದರೆ ರಜೆ ಕೊಟ್ಟ ಮಾತ್ರಕ್ಕೆ ಮಕ್ಕಳ ಸುರಕ್ಷತೆಯ ಕೆಲಸ ಮುಗಿಯಿತು ಅಂದುಕೊಂಡಿದ್ದೇವಲ್ಲ, ಅಲ್ಲೇ ನನಗೆ ಕಳವಳ. ಜುಲೈ ಎಂದರೆ ನಾಟಿಯ ಕಾಲ. ಅಪ್ಪ, ಅಮ್ಮ ಇಬ್ಬರೂ ಗದ್ದೆಯಲ್ಲಿರುತ್ತಾರೆ, ಇಲ್ಲವೇ ಕೂಲಿಗೆ ಹೋಗಿರುತ್ತಾರೆ. ಮನೆಯಲ್ಲುಳಿದ ಮಕ್ಕಳು ನೆರೆ ನೋಡಲು ಹೊಳೆ ಬದಿಗೆ ಓಡುತ್ತಾರೆ. ಶಾಲೆಯಲ್ಲಿದ್ದಿದ್ದರೆ ಒಂದು ಸೂರು ಇರುತ್ತಿತ್ತು, ಬಿಸಿಯೂಟ ಇರುತ್ತಿತ್ತು, ಕಣ್ಣಿಟ್ಟು ನೋಡುವ ಟೀಚರ್ ಇರುತ್ತಿದ್ದರು. ಇನ್ನು ರೆಡ್ ಅಲರ್ಟ್ ಇಲ್ಲದ ದಿನ ತೋಡು ತುಂಬುವುದಿಲ್ಲ ಎಂದೇನಿಲ್ಲ. ಮೇಲೆ ಘಟ್ಟದಲ್ಲಿ ಮಳೆ ಹೊಯ್ದರೆ ಕೆಳಗೆ ಬಿಸಿಲಿದ್ದರೂ ನೀರು ಏರುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಆಗುಂಬೆಯ ಮಳೆಗೆ ಕೆಳಗಿನ ಊರಿನ ಶಾಲೆಯ ವೇಳಾಪಟ್ಟಿ ಗೊತ್ತಿಲ್ಲ.

ಈ ಮಕ್ಕಳು ತೋಡು ದಾಟುವ ಕಾಲುಸಂಕವನ್ನು ಹತ್ತಿರದಿಂದ ನೋಡಿದ್ದೀರಾ? ಎರಡೋ ಮೂರೋ ಅಡಕೆ ಮರ ಕಡಿದು ತೋಡಿಗೆ ಅಡ್ಡ ಹಾಕಿ, ಬಳ್ಳಿಯಲ್ಲೋ ತಂತಿಯಲ್ಲೋ ಬಿಗಿದು, ಹಿಡಿದು ನಡೆಯಲು ಪಕ್ಕದಲ್ಲೊಂದು ಬಿದಿರು ಕಟ್ಟಿರುತ್ತಾರೆ. ಊರವರೇ ಸೇರಿ ಮಳೆಗಾಲಕ್ಕೆ ಮುಂಚೆ ಕಟ್ಟಿದ್ದು. ಆ ಶ್ರಮಕ್ಕೆ ಕೈ ಮುಗಿಯಬೇಕು. ಆದರೆ ಎರಡು ವಾರ ಮಳೆ ಹಿಡಿದರೆ ಮರದ ಮೇಲೆ ಪಾಚಿ ಬೆಳೆಯುತ್ತದೆ. ಬಿದಿರನ್ನು ಕಟ್ಟಿರುವುದು ದೊಡ್ಡವರ ಸೊಂಟದ ಎತ್ತರಕ್ಕೆ, ಒಂದನೇ ತರಗತಿಯ ಮಗುವಿಗೆ ಅದು ತಲೆಯ ಮಟ್ಟ. ಒಂದು ಕೈಯಲ್ಲಿ ಕೊಡೆ, ಬೆನ್ನಲ್ಲಿ ಚೀಲ. ಗಾಳಿ ಬೀಸಿದಾಗ ಕೊಡೆ ಮಗುವನ್ನೇ ಎಳೆಯುತ್ತದೆ. ಕೆಳಗೆ ಓಡುವ ನೀರನ್ನು ನೋಡುತ್ತ ನಡೆದರೆ ಸಂಕವೇ ಪಕ್ಕಕ್ಕೆ ಸರಿದಂತಾಗಿ ತಲೆ ತಿರುಗುತ್ತದೆ. ಆಚೆ ದಡದ ಮರವನ್ನು ನೋಡುತ್ತ ನಡೆ, ಕೊಡೆ ಮಡಚಿಕೋ, ನೆನೆದರೆ ನೆನೆಯಲಿ ಎಂದು ಹಳ್ಳಿಯ ಅಜ್ಜಿಯರು ಹೇಳುವುದು ಸುಮ್ಮನೆ ಅಲ್ಲ.

2022ರ ಆಗಸ್ಟ್‌ನಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಪುಟ್ಟ ಬಾಲಕಿಯೊಬ್ಬಳು ಶಾಲೆಯಿಂದ ಮನೆಗೆ ಮರಳುವಾಗ ಇಂಥದ್ದೇ ಸಂಕದಿಂದ ಜಾರಿ ತೋಡಿಗೆ ಬಿದ್ದಳು. ಅವಳ ದೇಹ ಸಿಕ್ಕಿದ್ದು ಹುಡುಕಾಟ ಶುರುವಾದ ಎರಡು ದಿನಗಳ ಮೇಲೆ. ಆಮೇಲೆ ಅಧಿಕಾರಿಗಳು ಬಂದರು, ಜನಪ್ರತಿನಿಧಿಗಳು ಬಂದರು, ಜಿಲ್ಲೆಯ ಕಾಲುಸಂಕಗಳ ವಿಚಾರ ದೊಡ್ಡ ಸುದ್ದಿಯಾಯಿತು. ಮಲೆನಾಡು ಮತ್ತು ಕರಾವಳಿಯ ಮಕ್ಕಳಿಗೆಂದೇ ‘ಶಾಲಾ ಸಂಪರ್ಕ ಸೇತು’ ಎಂಬ ಯೋಜನೆ ನಮ್ಮ ರಾಜ್ಯದಲ್ಲಿ ಅದಕ್ಕೆ ಮೊದಲೇ ಇತ್ತು. ಅದರಲ್ಲಿ ಎಷ್ಟೋ ಕಡೆ ಕಾಂಕ್ರೀಟ್ ಕಿರುಸೇತುವೆಗಳು ಎದ್ದವು, ಅಲ್ಲಿನ ತಾಯಂದಿರು ನೆಮ್ಮದಿಯಿಂದ ಇದ್ದಾರೆ. ಸೇತುವೆ ಬಾರದ ತೋಡುಗಳೂ ಉಳಿದಿವೆ. ಅವುಗಳ ಪಟ್ಟಿ ಇಲಾಖೆಯ ಕಡತದಲ್ಲಿ ಪೂರ್ತಿ ಇರಲಿ ಬಿಡಲಿ, ಅವನ್ನು ದಾಟುವ ಮಕ್ಕಳ ಬಾಯಲ್ಲಿ ಪೂರ್ತಿ ಇದೆ.

ನಾನು ಹೇಳಬೇಕಾದ ಮುಖ್ಯ ಮಾತು ಇದು. ಶಾಲೆಯ ಸುದ್ದಿ ನಮ್ಮಲ್ಲಿ ಮೇಲಿನಿಂದ ಕೆಳಗೆ ಮಾತ್ರ ಹರಿಯುತ್ತದೆ. ರಜೆಯಿದೆ, ಪರೀಕ್ಷೆಯಿದೆ, ಆಧಾರ್ ತನ್ನಿ, ಶನಿವಾರ ಪೂರ್ತಿ ದಿನ ತರಗತಿ ಎಂದೆಲ್ಲ ಪೋಷಕರ ಗುಂಪಿಗೆ ಸಂದೇಶ ಬೀಳುತ್ತದೆ. ದಾರಿಯ ಸುದ್ದಿ ಶಾಲೆಗೆ ಬರುವ ವ್ಯವಸ್ಥೆ ಎಲ್ಲಿದೆ? ಸಂಕದ ಒಂದು ಮರ ಮುರಿದಿದೆ, ತಿರುವಿನಲ್ಲಿ ಧರೆ ಕುಸಿದಿದೆ, ಗುಡ್ಡದ ಬಳಿ ವಿದ್ಯುತ್ ತಂತಿ ಜೋತುಬಿದ್ದಿದೆ, ಬಸ್ ಸ್ಟ್ಯಾಂಡಿನಲ್ಲಿ ಯಾರೋ ಒಬ್ಬ ದಿನವೂ ಹುಡುಗಿಯರನ್ನು ಮಾತನಾಡಿಸುತ್ತಾನೆ. ಇದೆಲ್ಲ ಮೊದಲು ತಿಳಿಯುವುದು ಮಕ್ಕಳಿಗೆ. ಅವರು ಹೇಳುವುದಿಲ್ಲ ಎಂದಲ್ಲ, ಕೇಳುವವರು ಇರುವುದಿಲ್ಲ. ತಂತಿಯ ವಿಚಾರಕ್ಕೆ 1912 ಇದೆ, ತುರ್ತಿಗೆ 112 ಇದೆ, ಮಗುವಿಗೆ ಯಾರಿಂದಲಾದರೂ ತೊಂದರೆಯಾದರೆ ಹಗಲು ರಾತ್ರಿ ಕರೆ ಮಾಡಬಹುದಾದ 1098 ಇದೆ. ಈ ಸಂಖ್ಯೆಗಳು ಶಾಲೆಯ ಗೋಡೆಯ ಮೇಲಿದ್ದರೆ ಸಾಲದು, ಮಕ್ಕಳಿಗೆ ಬಾಯಿಪಾಠ ಬರಬೇಕು.

ಹಾಜರಿಯ ವಿಚಾರವನ್ನೇ ನೋಡಿ. ಬೆಳಿಗ್ಗೆ ಹೆಸರು ಕೂಗಿ ಮುಗಿಯುತ್ತಿದ್ದಂತೆ ಇವತ್ತು ಎಷ್ಟು ಮಕ್ಕಳು ಎಂಬ ಲೆಕ್ಕ ಅಡುಗೆಮನೆಗೆ ಹೋಗುತ್ತದೆ. ಅಕ್ಕಿ ಅಳೆಯಲು ಅದು ಬೇಕೇಬೇಕು. ಅದೇ ಲೆಕ್ಕದಲ್ಲಿ ಬಾರದ ಮಗು ಯಾರು ಎಂಬುದೂ ಅಡಗಿದೆ. ಆ ಮಗು ಮನೆಯಲ್ಲೇ ಉಳಿದಿದೆಯೋ, ಮನೆ ಬಿಟ್ಟು ಶಾಲೆ ಮುಟ್ಟಲಿಲ್ಲವೋ? ಒಂದು ಫೋನ್ ಕರೆ ಸಾಕು ತಿಳಿಯಲು. ನಾನು ಬಲ್ಲ ಒಬ್ಬ ಮುಖ್ಯಶಿಕ್ಷಕಿ ಮಳೆಗಾಲವಿಡೀ ಇದನ್ನು ತಪ್ಪದೆ ಮಾಡುತ್ತಾರೆ. ಅವರ ಮೇಜಿನ ಗಾಜಿನ ಕೆಳಗೆ ಒಂದು ಹಾಳೆ ಇದೆ. ಯಾವ ಮಗು ಯಾವ ತೋಡು ದಾಟಿ ಬರುತ್ತದೆ, ಜೊತೆಗೆ ಯಾರು ಬರುತ್ತಾರೆ, ಆಚೆ ದಡದಲ್ಲಿ ಹತ್ತಿರದ ಮನೆ ಯಾರದು ಎಂದು ಬರೆದಿಟ್ಟಿದ್ದಾರೆ. ಬರೆಸಿದ್ದು ಮಕ್ಕಳಿಂದಲೇ, ದಾರಿಯ ಚಿತ್ರ ಬಿಡಿಸಿ ಎಂದು ಹೇಳಿ. ನೆಟ್‌ವರ್ಕ್ ಸಿಗದ ಮನೆಗಳಿಗೆ ಹಾಲಿನ ಡೇರಿಯ ಮೂಲಕವೋ ಬಸ್ಸಿನ ಕಂಡಕ್ಟರ್ ಮೂಲಕವೋ ಸುದ್ದಿ ಮುಟ್ಟಿಸುತ್ತಾರೆ. ಒಬ್ಬಿಬ್ಬರೇ ಶಿಕ್ಷಕರಿರುವ ಶಾಲೆಯಲ್ಲಿ ಇದು ಹೆಚ್ಚುವರಿ ಹೊರೆ ಎಂಬುದು ನನಗೂ ಗೊತ್ತು. ಅದಕ್ಕೇ ಇದು ಶಿಕ್ಷಕರೊಬ್ಬರ ಕೆಲಸ ಆಗಬಾರದು.

ಬೆಳಿಗ್ಗೆಗಿಂತ ಸಂಜೆ ಹೆಚ್ಚು ಅಪಾಯ. ಬೆಳಿಗ್ಗೆ ಅಪ್ಪ ಗದ್ದೆಗೆ ಹೋಗುವ ದಾರಿಯಲ್ಲಿ ಕೈ ಹಿಡಿದು ದಾಟಿಸುತ್ತಾನೆ. ದಿನವಿಡೀ ಸುರಿದ ಮಳೆಗೆ ತೋಡು ಉಕ್ಕಿರುವ ಸಂಜೆ ನಾಲ್ಕರ ಹೊತ್ತಿಗೆ ಮಗು ಒಂಟಿ. ಹಾಗಾಗಿ ಶಾಲೆ ಬಿಡುವ ಮುಂಚೆ ಒಬ್ಬರು ಹೋಗಿ ನೀರು ನೋಡಿ ಬರಬೇಕು. ಚಿಕ್ಕವರು ದೊಡ್ಡವರ ಜೊತೆ ಗುಂಪಾಗಿ ಹೋಗಬೇಕು. ನೀರು ಹೆಚ್ಚಿದ್ದರೆ ಮನೆಯವರು ಬರುವ ತನಕ ಮಗುವನ್ನು ಶಾಲೆಯಲ್ಲೇ ಉಳಿಸಿಕೊಳ್ಳಬೇಕು. ಮಗು ಮುಟ್ಟಿದ ಮೇಲೆ ಮನೆಯಿಂದ ಶಾಲೆಗೆ ‘ಬಂದಳು’ ಎಂಬ ಒಂದೇ ಮಾತಿನ ಸಂದೇಶ ಹೋಗಬೇಕು.

ಇದನ್ನೆಲ್ಲ ಮಾಡಿಸುವ ಅಧಿಕಾರ ಯಾರಿಗಿದೆ ಎಂದು ಕೇಳಬೇಡಿ, ನಿಮಗೇ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ನಮ್ಮಲ್ಲಿ ಎಸ್‌ಡಿಎಂಸಿ ಎಂದು ಕರೆಯುವ ಈ ಸಮಿತಿಯ ಸಭೆಗಳಲ್ಲಿ ಸುಣ್ಣಬಣ್ಣದ ಬಗ್ಗೆ, ವಾರ್ಷಿಕೋತ್ಸವದ ಬಗ್ಗೆ ದೀರ್ಘ ಚರ್ಚೆ ನಡೆಯುತ್ತದೆ. ದಾರಿಯ ಬಗ್ಗೆ ಅಪರೂಪ. ಬೇಸಿಗೆ ರಜೆ ಮುಗಿಯುವ ಮೊದಲೇ ಸಮಿತಿಯವರು ಮಕ್ಕಳ ಜೊತೆ ಒಮ್ಮೆ ಆ ದಾರಿಯಲ್ಲಿ ನಡೆದರೆ ಸಾಕು. ಸಂಕದ ಮೇಲಿನ ಪಾಚಿ ಕೆರೆಸಿ, ಮಗುವಿನ ಕೈಗೆ ಎಟಕುವಂತೆ ಕೆಳಗೊಂದು ಬಿದಿರು ಹೆಚ್ಚಿಗೆ ಕಟ್ಟಿಸಲು ಯಾವ ಯೋಜನೆಯ ಮಂಜೂರಾತಿಯೂ ಬೇಡ, ಅರ್ಧ ದಿನದ ಕೆಲಸ.

ಕಾಯಂ ಸೇತುವೆಗೆ ಪಂಚಾಯಿತಿಯೇ ಬೇಕು. ಅದಕ್ಕೂ ಒಂದು ಬಾಗಿಲು ಇದೆ, ಮಕ್ಕಳ ಗ್ರಾಮಸಭೆ. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನಲ್ಲಿ ಮಕ್ಕಳ ಪಂಚಾಯಿತಿಗಳು ನಡೆದವು. ದುಡಿಯುವ ಮಕ್ಕಳು, ಶಾಲೆಯ ಮಕ್ಕಳು ತಮ್ಮ ಊರಿನ ಸಮಸ್ಯೆಗಳನ್ನು ಚುನಾಯಿತ ಸದಸ್ಯರ ಮುಂದಿಟ್ಟು ಉತ್ತರ ಕೇಳಿದರು. ಮುಂದೆ ಮಕ್ಕಳ ಗ್ರಾಮಸಭೆ ರಾಜ್ಯದ ಎಲ್ಲ ಗ್ರಾಮ ಪಂಚಾಯಿತಿಗಳೂ ನಡೆಸಬೇಕಾದ ಸಭೆಯಾಯಿತು. ಅಲ್ಲಿ ಮಕ್ಕಳು ಮೈಕ್ ಹಿಡಿದು ಸಂಕ ಬೇಕು, ಬಸ್ ಬೇಕು, ಶೌಚಾಲಯಕ್ಕೆ ನೀರು ಬೇಕು ಎಂದು ಕೇಳುತ್ತಾರೆ. ಅಧಿಕಾರಿಗಳು ನೋಡೋಣ ಎನ್ನುತ್ತಾರೆ, ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಈ ಸಲ ನಿಮ್ಮೂರಿನ ಸಭೆಯ ನೋಟಿಸು ಬಂದಾಗ ಒಂದು ದಿನದ ಕೆಲಸ ಬಿಟ್ಟು ಹೋಗಿ ಕುಳಿತುಕೊಳ್ಳಿ. ಹೋದ ವರ್ಷದ ನಡಾವಳಿ ಓದಿಸಿ. ಮಕ್ಕಳು ಕೇಳಿದ್ದ ಸಂಕ ಏನಾಯಿತು ಎಂದು, ಅವರ ಪರವಾಗಿ ನೀವು ಕೇಳಿ.